ಕಬ್ಬಿಣ ಯಾರ ಕೈಯಲ್ಲಿದೆ? ಉಬ್ಬಸಕ್ಕೊಂದು ಹೊಸ ಮದ್ದಿನ ಹುಡುಕಾಟ

ಮನೆಯಲ್ಲಿ ಕಬ್ಬಿಣದ ಬಾಣಲೆ ಇರುವವರು ಒಮ್ಮೆ ಕೈ ಎತ್ತಿ. ಪರವಾಗಿಲ್ಲ, ಅರ್ಧ ಸಭೆ ಇದೆ. ಅದರಲ್ಲಿ ನೆಲ್ಲಿಕಾಯಿ ಬೇಯಿಸಿದವರು? ಹಿಂದಿನ ಸಾಲಿನಲ್ಲಿ ಒಬ್ಬರು ಅಮ್ಮ ನಗುತ್ತಿದ್ದಾರೆ, ಅವರಿಗೆ ಗೊತ್ತು. ಕಾಯಿ, ನೀರು, ಸೌಟು ಎಲ್ಲ ಮಸಿಯ ಹಾಗೆ ಕಪ್ಪಾಗುತ್ತದೆ.

ಆ ಕಪ್ಪು ಎಲ್ಲಿಂದ ಬಂತು? ನೆಲ್ಲಿಕಾಯಿಗೆ ಒಂದು ಒಗರು ಇದೆಯಲ್ಲ, ಆ ಒಗರು ಕೊಡುವ ಟ್ಯಾನಿನ್ ಎಂಬ ವಸ್ತು ಬಾಣಲೆಯ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಿಡಿದಾಗ ಬರುವ ಬಣ್ಣವೇ ಆ ಕಪ್ಪು. ಹಿಂದಿನವರು ಅಳಲೆಕಾಯಿಯ ರಸಕ್ಕೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡುತ್ತಿದ್ದರು. ಅನ್ನಭೇದಿ ಅಂದರೆ ಕಬ್ಬಿಣದ ಉಪ್ಪು. ಅಲ್ಲೂ ಇದೇ ಲೆಕ್ಕ. ಕಬ್ಬಿಣದ ಮಾತ್ರೆಯ ಜೊತೆ ಟೀ ಕುಡಿಯಬೇಡಿ ಅಂತ ಡಾಕ್ಟರು ಹೇಳುವುದೂ ಇದಕ್ಕೇ. ಟೀಯ ಒಗರು ಹೊಟ್ಟೆಯಲ್ಲೇ ಕಬ್ಬಿಣವನ್ನು ಹಿಡಿದುಹಾಕುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ.

ಉಬ್ಬಸದ ಬಗ್ಗೆ ಮಾತಾಡಿ ಅಂತ ಕರೆದರೆ ಇವರು ಅಡುಗೆಮನೆಗೆ ಹೋದರಲ್ಲ ಅಂದುಕೊಳ್ಳಬೇಡಿ. ಈ 'ಕಬ್ಬಿಣ ಹಿಡಿಯುವ' ಕೆಲಸವೇ ಇವತ್ತಿನ ವಿಷಯ. ಅದನ್ನು ಮಾಡುವ ಮದ್ದುಗಳಿವೆ. ಹೊಸವಲ್ಲ, ಅರವತ್ತು ವರ್ಷದಿಂದ ಇವೆ. ಬೇರೆ ಯಾವುದೋ ಕಾಯಿಲೆಗೆ ಅಂತ ಬಂದವು. ಈಗ ಕೆಲವು ವಿಜ್ಞಾನಿಗಳು ಅವನ್ನು ಉಬ್ಬಸದ ಕಡೆ ತಿರುಗಿಸಿ ನೋಡುತ್ತಿದ್ದಾರೆ.

ನನಗೆ ಇದರಲ್ಲಿ ಎರಡು ಕಡೆಯಿಂದ ಆಸಕ್ತಿ. ಒಂದು, ಮೂವತ್ತು ವರ್ಷ ಮೆಡಿಕಲ್ ಹುಡುಗರಿಗೆ ಔಷಧಶಾಸ್ತ್ರ ಪಾಠ ಮಾಡಿದೆ. ಎರಡು, ನನಗೇ ಉಬ್ಬಸ ಇದೆ. ಮಲೆನಾಡಿನಲ್ಲಿ ಹುಟ್ಟಿದವನು. ಆರಿದ್ರಾ ಮಳೆ ಹಿಡಿದು, ಗೋಡೆಯ ಮೇಲೆ ಬೂಷ್ಟು ಬಂತು ಅಂದರೆ ನನ್ನ ಎದೆಯೂ ಹಿಡಿಯುತ್ತಿತ್ತು. ಅಜ್ಜಿ ಅದನ್ನು 'ಗೂರಲು' ಅನ್ನುತ್ತಿದ್ದರು. ಈಗ ಜೇಬಿನಲ್ಲಿ ಪಂಪು ಇದೆ, ನೋಡಿ.

ಮೊದಲು ಕಬ್ಬಿಣದ ಕಥೆ ಮುಗಿಸೋಣ. ದೊಡ್ಡವರ ಮೈಯಲ್ಲಿ ಇರುವ ಕಬ್ಬಿಣವನ್ನೆಲ್ಲ ಒಟ್ಟು ಮಾಡಿದರೆ 3ರಿಂದ 4 ಗ್ರಾಂ. ಒಂದು ಮೊಳೆಯಷ್ಟು. ಭದ್ರಾವತಿ ಪಕ್ಕದಲ್ಲಿದ್ದೂ ನಮ್ಮ ಪಾಲಿಗೆ ಇಷ್ಟೇ! ಅದರಲ್ಲಿ ಮೂರನೇ ಎರಡು ಭಾಗ ರಕ್ತದ ಕೆಂಪು ಕಣಗಳಲ್ಲಿರುತ್ತದೆ. ನಾವು ಸೊಪ್ಪು, ಕಾಳು, ಮಾಂಸ ಏನೇ ತಿಂದರೂ ಕರುಳು ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಬಾಗಿಲಲ್ಲಿ ಅಷ್ಟು ಜಿಪುಣತನ. ಯಾಕೆ ಗೊತ್ತಾ? ಒಳಗೆ ಬಂದ ಕಬ್ಬಿಣವನ್ನು ಹೊರಗೆ ಕಳಿಸುವ ದಾರಿಯೇ ಮೈಗಿಲ್ಲ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ. ಕಬ್ಬಿಣ ಹಾಗೆ ಹೋಗುವುದಿಲ್ಲ. ಚರ್ಮ ಉದುರಿದಾಗ, ಕರುಳಿನ ಒಳಪದರ ಸವೆದಾಗ, ರಕ್ತ ಹೋದಾಗ ಹೋಗುವುದಷ್ಟೇ.

ಹೊರದಾರಿ ಇಲ್ಲದ್ದು ಯಾಕೆ ಕಷ್ಟ ಅಂದರೆ, ಹಿಡಿದಿಡುವವರಿಲ್ಲದ ಕಬ್ಬಿಣ ಸುಮ್ನೆ ಕೂರುವ ಜಾತಿಯಲ್ಲ. 1894ರಲ್ಲಿ ಫೆಂಟನ್ ಎಂಬ ಕೇಂಬ್ರಿಜ್‌ನ ರಸಾಯನಶಾಸ್ತ್ರಜ್ಞ ಒಂದು ಸಂಗತಿ ಬರೆದ. ಹೈಡ್ರೋಜನ್ ಪೆರಾಕ್ಸೈಡಿಗೆ ಚೂರು ಕಬ್ಬಿಣ ಸೇರಿದರೆ ಅದರ ಉರಿಗುಣ ಎಷ್ಟೋ ಪಟ್ಟು ಏರುತ್ತದೆ. ನಮ್ಮ ಜೀವಕೋಶಗಳಲ್ಲಿ ಪೆರಾಕ್ಸೈಡ್ ದಿನವೂ ಹುಟ್ಟುತ್ತಿರುತ್ತದೆ. ಅಲ್ಲಿ ಬಿಡಾಡಿ ಕಬ್ಬಿಣ ಸಿಕ್ಕರೆ ಕೋಶದ ಗೋಡೆಯಿಂದ ಹಿಡಿದು ವಂಶವಾಹಿಯ ತನಕ ಎಲ್ಲಕ್ಕೂ ಪೆಟ್ಟು. ಅದಕ್ಕೇ ಮೈ ಕಬ್ಬಿಣವನ್ನು ಒಂದು ಕ್ಷಣವೂ ಒಂಟಿಯಾಗಿ ಓಡಾಡಲು ಬಿಡುವುದಿಲ್ಲ. ರಕ್ತದಲ್ಲಿ ಹೊತ್ತುಕೊಂಡು ಹೋಗಲು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು. ಕೂಡಿಡಲು ಫೆರಿಟಿನ್ ಎಂಬ ಡಬ್ಬಿ. ಕಬ್ಬಿಣ ಬೇಕಾದ ಜೀವಕೋಶ ತನ್ನ ಗೋಡೆಯ ಮೇಲೆ ಒಂದು ಕೊಕ್ಕೆ ಇಟ್ಟುಕೊಂಡು, ಹಾದುಹೋಗುವ ಟ್ರಾನ್ಸ್‌ಫೆರಿನನ್ನು ಎಳೆದುಕೊಳ್ಳುತ್ತದೆ. ಆ ಕೊಕ್ಕೆಯನ್ನು ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಅನ್ನುತ್ತಾರೆ. ನಾನು ಕೊಕ್ಕೆ ಅಂತಲೇ ಕರೆಯುತ್ತೇನೆ. ಅದು ಆಮೇಲೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಈಗ ಥಲಸ್ಸೀಮಿಯಾ ಇರುವ ಒಂದು ಮಗುವನ್ನು ನೆನೆಯಿರಿ. ಅದರ ಮೈ ಸರಿಯಾದ ಕೆಂಪು ರಕ್ತ ಮಾಡುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಒಂದು ಬ್ಯಾಗ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ. ಅಂದರೆ ಕರುಳು ನಾಲ್ಕೈದು ತಿಂಗಳಲ್ಲಿ ಒಳಗೆ ಬಿಡುವಷ್ಟು ಕಬ್ಬಿಣ ಒಂದೇ ಮಧ್ಯಾಹ್ನ ಬಂದು ಬೀಳುತ್ತದೆ. ಹೊರದಾರಿ ಇಲ್ಲ. ಯಕೃತ್ತಿನಲ್ಲಿ, ಹೃದಯದಲ್ಲಿ ಸೇರುತ್ತಾ ಹೋಗುತ್ತದೆ. ಬದುಕಿಸಲು ಕೊಟ್ಟ ರಕ್ತವೇ ಹೃದಯವನ್ನು ಹಾಳು ಮಾಡುತ್ತದೆ.

ಇಲ್ಲಿ ಬಂತು ನಮ್ಮ ಮದ್ದು. ಇಂಗ್ಲಿಷಿನಲ್ಲಿ ಇವನ್ನು ಕೀಲೇಟರ್ ಅನ್ನುತ್ತಾರೆ. ಗ್ರೀಕಿನಲ್ಲಿ ಏಡಿಯ ಕಚ್ಚುವ ಕಾಲಿಗೆ ಇರುವ ಹೆಸರಿನಿಂದ ಬಂದ ಮಾತು. ಗದ್ದೆಯಲ್ಲಿ ಏಡಿ ಹಿಡಿದವರಿಗೆ ಬೇರೆ ವಿವರಣೆ ಬೇಡ. ಕಬ್ಬಿಣದ ಪರಮಾಣುವನ್ನು ಪೂರ್ತಿ ಕಟ್ಟಿಹಾಕಬೇಕಾದರೆ ಆರು ಕಡೆಯಿಂದ ಹಿಡಿಯಬೇಕು. ಮೊದಲ ಮದ್ದು ಡೆಫೆರೊಕ್ಸಮಿನ್, ಅದಕ್ಕೆ ಆರು ಹಿಡಿತ. ಒಂದೇ ಏಡಿ ಸಾಕು. ಆಮೇಲೆ ಬಂದ ಡೆಫೆರಸಿರಾಕ್ಸಿಗೆ ಮೂರು ಹಿಡಿತ, ಎರಡು ಏಡಿ ಬೇಕು. ಡೆಫೆರಿಪ್ರೋನಿಗೆ ಎರಡೇ, ಹಾಗಾಗಿ ಮೂರು ಏಡಿ ಒಟ್ಟಾಗಬೇಕು. ಹುಡುಗರಿಗೆ ಪಾಠ ಮಾಡುವಾಗ ನಾನು ಬೋರ್ಡಿನ ಮೇಲೆ ಏಡಿ ಬರೆಯುತ್ತಿದ್ದೆ. ಪರೀಕ್ಷೆಯಲ್ಲಿ ಒಬ್ಬ ಏಡಿಯ ಚಿತ್ರವನ್ನೇ ಬರೆದಿಟ್ಟಿದ್ದ, ಉತ್ತರ ಬರೆದಿರಲಿಲ್ಲ. ಪಾಪ, ಅರ್ಧ ಅಂಕ ಕೊಟ್ಟೆ.

ಡೆಫೆರೊಕ್ಸಮಿನ್ ಹುಟ್ಟಿದ್ದು ಮಣ್ಣಿನಲ್ಲಿ. ಸ್ಟ್ರೆಪ್ಟೊಮೈಸಿಸ್ ಪಿಲೋಸಸ್ ಎಂಬ ಬ್ಯಾಕ್ಟೀರಿಯಾ ತನಗೆ ಬೇಕಾದ ಕಬ್ಬಿಣವನ್ನು ಮಣ್ಣಿನಿಂದ ಎಳೆದುಕೊಳ್ಳಲು ಇಂಥದ್ದನ್ನು ಹೊರಗೆ ಬಿಡುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಸಿಬಾ ಕಂಪನಿಯವರು ಮತ್ತು ಜ್ಯೂರಿಕ್‌ನ ವಿಜ್ಞಾನಿಗಳು ಆಂಟಿಬಯೋಟಿಕ್ ಹುಡುಕುತ್ತಿದ್ದಾಗ ಇದು ಸಿಕ್ಕಿತು. 1960ರ ದಶಕದಲ್ಲಿ ರೋಗಿಗಳಿಗೆ ಬಂತು. ಆದರೆ ಬಾಯಿಂದ ಕೊಟ್ಟರೆ ಹತ್ತುವುದಿಲ್ಲ, ರಕ್ತದಲ್ಲೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದಕ್ಕೆ ರಾತ್ರಿ ಹೊಟ್ಟೆಯ ಚರ್ಮದ ಕೆಳಗೆ ಸೂಜಿ ಚುಚ್ಚಿ, ಪುಟ್ಟ ಪಂಪು ಕಟ್ಟಿ, ಎಂಟು ಹತ್ತು ಗಂಟೆ ಬಿಡಬೇಕು. ವಾರಕ್ಕೆ ಐದಾರು ರಾತ್ರಿ. ಹಾಗೆ ಮಲಗುತ್ತಿದ್ದ ಮಕ್ಕಳನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಬೆಳಿಗ್ಗೆ ಮೂತ್ರ ಕೆಂಪಗೆ ಬಂದರೆ ಅಮ್ಮಂದಿರಿಗೆ ಖುಷಿ. ಕಬ್ಬಿಣ ಹೋಗ್ತಿದೆ ಸಾರ್ ಅನ್ನುತ್ತಿದ್ದರು. ಆಮೇಲೆ ಮಾತ್ರೆಗಳು ಬಂದವು. ಡೆಫೆರಿಪ್ರೋನ್ ನಮ್ಮ ದೇಶಕ್ಕೆ 1990ರ ದಶಕದ ಮಧ್ಯದಲ್ಲೇ ಬಂತು. ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಡೆಫೆರಸಿರಾಕ್ಸ್ 2005ರಲ್ಲಿ.

ಇನ್ನು ಉಬ್ಬಸಕ್ಕೆ ಬರೋಣ. ನಮ್ಮಲ್ಲಿ ಉಬ್ಬಸ ಅಂದರೆ ದಮ್ಮು ಕಟ್ಟುವುದು, ಅಷ್ಟೇ ಅನ್ನುವ ಲೆಕ್ಕ. ಉಸಿರು ಕಟ್ಟಿದಾಗ ಪಂಪು ಹೊಡೆದುಕೊಳ್ಳುವುದು, ಬಿಟ್ಟ ಮೇಲೆ ಮರೆಯುವುದು. ಆದರೆ ದಮ್ಮು ಕಟ್ಟುವುದು ಕೊನೆಗೆ ಕಾಣುವ ತುದಿ ಮಾತ್ರ. ಬುಡದಲ್ಲಿ ಇರುವುದು ಉರಿಯೂತ. ಶ್ವಾಸನಾಳದ ಒಳಗೋಡೆ ಊದಿಕೊಂಡು, ಲೋಳೆ ಜಾಸ್ತಿಯಾಗಿ, ಸುತ್ತಲಿನ ಸ್ನಾಯು ಚೂರು ಕೆಣಕಿದರೂ ಸೆಟೆದುಕೊಳ್ಳುವ ಸ್ಥಿತಿ. ಅದಕ್ಕೇ 2019ರಿಂದ ಜಾಗತಿಕ ಮಾರ್ಗಸೂಚಿಯಲ್ಲಿ, ಉಸಿರು ಬಿಡಿಸುವ ಪಂಪೊಂದನ್ನೇ ನೆಚ್ಚಬೇಡಿ, ಉರಿಯೂತ ಇಳಿಸುವ ಸ್ಟೀರಾಯ್ಡನ್ನೂ ಪಂಪಿನಲ್ಲಿ ಎಳೆದುಕೊಳ್ಳಿ ಅಂತ ಹೇಳಿದ್ದಾರೆ. ಸ್ಟೀರಾಯ್ಡ್ ಅಂದ ಕೂಡಲೇ ಹೆದರಬೇಡಿ. ಪಂಪಿನಲ್ಲಿ ಬರುವುದು ಮೈಕ್ರೋಗ್ರಾಂ ಲೆಕ್ಕ. ಎಳೆದ ಮೇಲೆ ಬಾಯಿ ಮುಕ್ಕಳಿಸಿ, ಸಾಕು.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅಲ್ಲಿನ ಮಕ್ಕಳನ್ನು ವರ್ಷಗಟ್ಟಲೆ ನೋಡಿ ಬರೆದ ಲೆಕ್ಕವೊಂದಿದೆ. 1979ರಲ್ಲಿ ನೂರಕ್ಕೆ 9 ಮಕ್ಕಳಿಗೆ ಉಬ್ಬಸ. 1999ರ ಹೊತ್ತಿಗೆ 29.5. ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು. ಅದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ, ಊರಿನ ಎಲ್ಲ ಮಕ್ಕಳದಲ್ಲ. ಆದರೂ ಏರಿದ ರೀತಿ ನೋಡಿ.

ಈ ಉರಿಯೂತ ಹಚ್ಚುವವರು ಯಾರು? ಹಳಬರಿಗೆ 'ಇಸ್ನೋಫೀಲಿಯಾ' ಎಂಬ ಹೆಸರು ಗೊತ್ತು. ರಕ್ತ ಪರೀಕ್ಷೆಯಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ಕಣ ಜಾಸ್ತಿ ಬಂದರೆ ಹಾಗೆ ಅನ್ನುತ್ತಿದ್ದರು. ಅವು ಉಬ್ಬಸದಲ್ಲಿ ಬಂದು ಸೇರುವುದು ನಿಜ. ಆದರೆ ಅವು ಕರೆದರೆ ಬರುವವು. ಕರೆಯುವವರು ಬೇರೆ. ಬಹಳ ಕಾಲ ಕರೆಯುವವರು ಟಿ ಕೋಶಗಳು, ಅಂದರೆ ಮೈಯನ್ನು ಕಾಯುವ ಬಿಳಿ ಕಣಗಳಲ್ಲೇ ಇನ್ನೊಂದು ಬಗೆ, ಎಂದೇ ನಂಬಿದ್ದರು. 2010ರ ಸುಮಾರಿಗೆ ಜಪಾನ್, ಇಂಗ್ಲೆಂಡ್, ಅಮೆರಿಕದ ಮೂರು ತಂಡಗಳು ಬೇರೆ ಬೇರೆಯಾಗಿ ಇನ್ನೊಂದು ಕೋಶವನ್ನು ಕಂಡುಹಿಡಿದವು. ಈಗ ಅದಕ್ಕೆ ಐಎಲ್‌ಸಿ2 ಎಂಬ ಹೆಸರು.

ಇವುಗಳ ಸ್ವಭಾವ ವಿಚಿತ್ರ. ಟಿ ಕೋಶ ಒಂದು ಲೆಕ್ಕದಲ್ಲಿ ಚೆಕ್‌ಪೋಸ್ಟಿನ ಪೊಲೀಸಿನವನಂತೆ. ಮುಖ ನೋಡುತ್ತದೆ, ಪಟ್ಟಿ ನೋಡುತ್ತದೆ, ಆಮೇಲೆ ಗಲಾಟೆ. ಐಎಲ್‌ಸಿ2 ಹಾಗಲ್ಲ. ಬೀದಿಯಲ್ಲಿ ಯಾರಾದರೂ 'ಕಳ್ಳ ಕಳ್ಳ' ಅಂತ ಕೂಗಿದರೆ ಸಾಕು, ಯಾರು ಏನು ನೋಡದೆ ದೊಣ್ಣೆ ಹಿಡಿದು ಓಡುವ ಹುಡುಗರಿರುತ್ತಾರಲ್ಲ, ಆ ಜಾತಿ. ಧೂಳೋ ಬೂಷ್ಟೋ ಬಿದ್ದು ಶ್ವಾಸನಾಳದ ಒಳಗೋಡೆಗೆ ಗಾಯವಾದರೆ, ಗೋಡೆಯ ಕೋಶಗಳು ಐಎಲ್-33 ಎಂಬ ಕೂಗು ಹಾಕುತ್ತವೆ. ಅದನ್ನು ಕೇಳಿ ಐಎಲ್‌ಸಿ2 ಎದ್ದು ಐಎಲ್-5, ಐಎಲ್-13 ಎಂಬ ಸಂದೇಶಗಳನ್ನು ಸುರಿಯುತ್ತದೆ. ಮೊದಲನೆಯದು ಇಯೊಸಿನೊಫಿಲ್‌ಗಳನ್ನು ಕರೆಯುತ್ತದೆ. ಎರಡನೆಯದು ಲೋಳೆ ಹೆಚ್ಚಿಸಿ ನಾಳವನ್ನು ಮುಂಗೋಪಿ ಮಾಡುತ್ತದೆ. ಶ್ವಾಸಕೋಶದಲ್ಲಿ ಇವುಗಳ ಸಂಖ್ಯೆ ತೀರಾ ಕಮ್ಮಿ, ಹುಡುಕಿ ತೆಗೆಯಬೇಕು. ಆದರೆ ಮಾಡುವ ಗದ್ದಲ ಸಂಖ್ಯೆಗೆ ತಕ್ಕಂತಿಲ್ಲ. ಇವು ಕೆಲವೊಮ್ಮೆ ಸ್ಟೀರಾಯ್ಡಿಗೂ ಬಗ್ಗುವುದಿಲ್ಲ. ಸ್ಟೀರಾಯ್ಡಿಗೆ ಬಗ್ಗದ ಉಬ್ಬಸದವರಿಗೆ ಈಗ ಇರುವ ದಾರಿ ಇಂಥ ಸಂದೇಶಗಳಿಗೇ ಅಡ್ಡ ಹಾಕುವ ಬಯಾಲಜಿಕ್ ಇಂಜೆಕ್ಷನ್‌ಗಳು. ಮೆಪೊಲಿಜುಮಾಬ್, ಡುಪಿಲುಮಾಬ್ ಅಂತ ನಾಲಿಗೆ ತಿರುಗದ ಹೆಸರುಗಳು. ಒಳ್ಳೆಯ ಮದ್ದುಗಳೇ. ಬೆಲೆ ಕೇಳಿದರೆ ಮಾತ್ರ ಉಸಿರು ಇನ್ನೊಮ್ಮೆ ಕಟ್ಟುತ್ತದೆ.

ಈಗ ಎರಡೂ ದಾರಿ ಸೇರುವ ಜಾಗಕ್ಕೆ ಬಂದೆವು.

2024ರಲ್ಲಿ ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಓಮಿದ್ ಅಕ್ಬರಿಯವರ ತಂಡ ಒಂದು ಕೆಲಸ ಪ್ರಕಟಿಸಿತು. ಅವರು ಕೇಳಿದ ಪ್ರಶ್ನೆ ಸರಳ. ದೊಣ್ಣೆ ಹಿಡಿದು ಓಡುವ ಹುಡುಗನಿಗೆ ಊಟ ಎಲ್ಲಿಂದ? ಮಲಗಿದ್ದ ಕೋಶ ಎದ್ದು ನೂರಾರು ಸಂದೇಶ ಸುರಿಯಬೇಕು, ತನ್ನನ್ನು ತಾನು ಹೆಚ್ಚಿಸಿಕೊಳ್ಳಬೇಕು ಅಂದರೆ ಶಕ್ತಿ ಬೇಕು. ಶಕ್ತಿ ಬರುವುದು ಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಒಲೆಯಿಂದ. ಆ ಒಲೆಯ ಭಾಗಗಳಲ್ಲಿ ಕಬ್ಬಿಣ ಮತ್ತು ಗಂಧಕ ಕೂಡಿದ ಗಂಟುಗಳಿವೆ. ಕಬ್ಬಿಣ ಇಲ್ಲದೆ ಆ ಒಲೆ ಚೆನ್ನಾಗಿ ಉರಿಯುವುದಿಲ್ಲ.

ಅವರಿಗೆ ಕಂಡದ್ದು ಹೀಗೆ. ಐಎಲ್‌ಸಿ2 ಎದ್ದ ಕೂಡಲೇ ತನ್ನ ಗೋಡೆಯ ಮೇಲೆ ಆ ಕೊಕ್ಕೆಗಳನ್ನು ಹೆಚ್ಚಿಸುತ್ತದೆ. ನೆನಪಿದೆ ಅಲ್ವಾ, ಟ್ರಾನ್ಸ್‌ಫೆರಿನ್ ಹಿಡಿಯುವ ಕೊಕ್ಕೆ. ಹೊರಗಿನ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಕೊಕ್ಕೆಗೆ ಅಡ್ಡ ಹಾಕಿದರೆ, ಇಲ್ಲವೇ ಕಬ್ಬಿಣ ಹಿಡಿಯುವ ಮದ್ದು ಕೊಟ್ಟರೆ, ಕೋಶ ದೊಡ್ಡ ಒಲೆ ಬಿಟ್ಟು ಸಕ್ಕರೆಯನ್ನು ಅರೆಬರೆ ಉರಿಸುವ ಸಣ್ಣ ಒಲೆಗೆ ಇಳಿಯುತ್ತದೆ. ಸಾಯುವುದಿಲ್ಲ, ಸುಸ್ತಾಗುತ್ತದೆ. ಸಂದೇಶಗಳು ಕಡಿಮೆಯಾಗುತ್ತವೆ. ಇಲಿಗಳಲ್ಲಿ ಉಬ್ಬಸದಂಥ ಸ್ಥಿತಿ ತಂದು ಇದನ್ನು ಮಾಡಿದಾಗ ಶ್ವಾಸನಾಳದ ಸೆಡೆತವೂ ಉರಿಯೂತವೂ ಇಳಿದವು. ಮನುಷ್ಯರ ಐಎಲ್‌ಸಿ2 ಕೋಶಗಳನ್ನು ಇಲಿಗಳಿಗೆ ಹಾಕಿ ನೋಡಿದಾಗಲೂ ಹಾಗೆಯೇ. ಉಬ್ಬಸದ ರೋಗಿಗಳ ರಕ್ತ ನೋಡಿದರು. ಯಾರ ಐಎಲ್‌ಸಿ2 ಮೇಲೆ ಕೊಕ್ಕೆ ಜಾಸ್ತಿಯೋ ಅವರ ಊದುವ ಶಕ್ತಿ ಕಮ್ಮಿ.

ಇಂಥ ಕೆಲಸಗಳಲ್ಲಿ ಇಲಿಗೆ ಉಬ್ಬಸ ಹೇಗೆ ಬರಿಸುತ್ತಾರೆ ಅಂತ ಹುಡುಗರು ಕೇಳುತ್ತಿದ್ದರು. ಒಂದು ದಾರಿ ಐಎಲ್-33 ನೇರ ಕೊಡುವುದು. ಇನ್ನೊಂದು ಆಲ್ಟರ್ನೇರಿಯಾ ಎಂಬ ಬೂಷ್ಟನ್ನು ಮೂಗಿಗೆ ಬಿಡುವುದು. ನಮ್ಮ ಟೊಮೆಟೊ ಎಲೆಯಲ್ಲಿ ಕಂದು ಚುಕ್ಕೆ ರೋಗ ತರುತ್ತದಲ್ಲ, ಅದರ ದಾಯಾದಿ. ನನ್ನ ಬಾಲ್ಯದ ಗೋಡೆಯ ಬೂಷ್ಟು ನೆನಪಾಯಿತು.

ಇಲ್ಲಿಯವರೆಗೆ ಕೇಳಿದರೆ ದಾರಿ ನೆಟ್ಟಗಿದೆ ಅನ್ನಿಸುತ್ತದೆ. ಕಬ್ಬಿಣ ಉರಿಯೂತಕ್ಕೆ ಸೌದೆ. ಸೌದೆ ಎಳೆದುಬಿಡಿ, ಬೆಂಕಿ ಆರುತ್ತದೆ. ಪತ್ರಿಕೆಗಳಲ್ಲಿ ಬರುವುದೂ ಹಾಗೆಯೇ. ಆದರೆ ನನಗೆ ಒಪ್ಪಿಗೆಯಾಗದ್ದು ಇಲ್ಲೇ.

2011ರಲ್ಲಿ ನೆದರ್‌ಲೆಂಡ್ಸ್‌ನ ಒಂದು ತಂಡ ಅಲರ್ಜಿ ಬರಿಸಿದ ಇಲಿಗಳಿಗೆ ಕಬ್ಬಿಣವನ್ನೇ ಕೊಟ್ಟಿತು. ಕೊಟ್ಟಾಗ ಶ್ವಾಸನಾಳದ ಸೆಡೆತ ಮತ್ತು ಇಯೊಸಿನೊಫಿಲ್ ಎರಡೂ ಕಡಿಮೆಯಾದವು! ಪೂರ್ತಿ ಉಲ್ಟಾ. ಇಲಿ ಬಿಡಿ, ಮನುಷ್ಯರನ್ನು ನೋಡೋಣ. 2015ರಲ್ಲಿ ಅಮೆರಿಕದ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಇಟ್ಟುಕೊಂಡು 20ರಿಂದ 49 ವರ್ಷದ ಹೆಂಗಸರ ಲೆಕ್ಕ ತೆಗೆದರು. ಮೈಯಲ್ಲಿ ಕಬ್ಬಿಣದ ದಾಸ್ತಾನು ಚೆನ್ನಾಗಿದ್ದವರಲ್ಲಿ ಉಬ್ಬಸ ಕಮ್ಮಿ. ಕಬ್ಬಿಣದ ಕೊರತೆ ತೀವ್ರ ಇದ್ದವರ ಶ್ವಾಸಕೋಶದ ಶಕ್ತಿಯೂ ಕಮ್ಮಿ. ಅಂದರೆ ಕಬ್ಬಿಣ ಕಮ್ಮಿ ಇರುವವರಿಗೇ ಉಬ್ಬಸ ಜಾಸ್ತಿ. ಹಾಗಾದರೆ ಕಬ್ಬಿಣ ಉಬ್ಬಸಕ್ಕೆ ಶತ್ರುವೋ ಮಿತ್ರನೋ?

ಈ ಗಂಟನ್ನು ಬಿಡಿಸಲು ನನಗೆ ನೆರವಾದದ್ದು ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಕೆಲಸ. ಉಬ್ಬಸದವರ ಶ್ವಾಸಕೋಶಕ್ಕೆ ಸ್ವಲ್ಪ ಉಪ್ಪುನೀರು ಬಿಟ್ಟು ವಾಪಸು ಎಳೆದು, ಅದರಲ್ಲಿ ಏನಿದೆ ನೋಡಿದರು. ನೀರಿನಲ್ಲಿ, ಅಂದರೆ ಕೋಶಗಳ ಹೊರಗೆ, ಕಬ್ಬಿಣ ಕಮ್ಮಿ ಇತ್ತು. ಕಬ್ಬಿಣ ಎಳೆದುಕೊಳ್ಳುವ ಕೊಕ್ಕೆಗಳು ಕೋಶಗಳ ಮೇಲೆ ಜಾಸ್ತಿ ಇದ್ದವು. ಹೊರಗೆ ಬರ, ಒಳಗೆ ಸುಗ್ಗಿ. ಈ ವ್ಯತ್ಯಾಸ ಹೆಚ್ಚಿದಷ್ಟೂ ರೋಗಿಯ ಊದುವ ಶಕ್ತಿ ಕಡಿಮೆ.

ನೋಡಿ, ಪ್ರಶ್ನೆಯೇ ಬದಲಾಯಿತು. ಮೈಯಲ್ಲಿ ಕಬ್ಬಿಣ ಎಷ್ಟಿದೆ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾರ ಕೈಯಲ್ಲಿದೆ ಅಂತ ಕೇಳಬೇಕು. ಬರಗಾಲದಲ್ಲಿ ಊರಿಗೆ ಅಕ್ಕಿ ಬಂದಿದೆಯೋ ಇಲ್ಲವೋ ಅನ್ನುವುದು ಒಂದು ಮಾತು. ಬಂದ ಅಕ್ಕಿ ಯಾರ ಉಗ್ರಾಣದಲ್ಲಿದೆ ಅನ್ನುವುದು ಬೇರೆಯೇ ಮಾತು. ಥಲಸ್ಸೀಮಿಯಾದಲ್ಲಿ ಊರಿಡೀ ಅಕ್ಕಿ ಸುರಿದುಹೋಗಿದೆ, ಯಾರ ಮನೆಯಿಂದ ತೆಗೆದರೂ ನಡೆಯುತ್ತದೆ. ಉಬ್ಬಸದಲ್ಲಿ ಹಾಗಿಲ್ಲ. ಬೀದಿಯಲ್ಲಿ ಅಕ್ಕಿ ಇಲ್ಲ, ಕೆಲವೇ ಮನೆಗಳಲ್ಲಿ ಮೂಟೆ ಇದೆ. ಈಗ ನೀವು ಬಾಯಿಂದ ಮಾತ್ರೆ ಕೊಟ್ಟು ಇಡೀ ಊರಿನಿಂದ ಅಕ್ಕಿ ಎತ್ತಿಸಿದರೆ, ಮೊದಲು ಉಪವಾಸ ಬೀಳುವವರು ಯಾರು ಹೇಳಿ?

ಇದು ನನ್ನ ಊಹೆಯ ಹೆದರಿಕೆಯಲ್ಲ. ಕಬ್ಬಿಣ ಹಿಡಿಯುವ ಮದ್ದನ್ನು ಬೇರೆ ಕಾಯಿಲೆಗೆ ತಿರುಗಿಸಿ ಪೆಟ್ಟು ತಿಂದ ಎರಡು ಕಥೆ ಹೇಳುತ್ತೇನೆ. ಸ್ವಲ್ಪ ದಾರಿ ಬಿಟ್ಟು ಹೋದಂತಾಗುತ್ತದೆ, ಆದರೆ ಇವನ್ನು ಕೇಳದೆ ಉಬ್ಬಸದ ಮಾತು ಪೂರ್ತಿಯಾಗುವುದಿಲ್ಲ.

2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ನಮ್ಮೆಲ್ಲರ ಬಾಯಲ್ಲಿ ಒಂದು ಹೆಸರು ಬಂತು, ಬ್ಲ್ಯಾಕ್ ಫಂಗಸ್. ಸರಿಯಾದ ಹೆಸರು ಮ್ಯೂಕರ್‌ಮೈಕೋಸಿಸ್. ಸಕ್ಕರೆ ಕಾಯಿಲೆಯವರಿಗೆ, ಸ್ಟೀರಾಯ್ಡ್ ಜಾಸ್ತಿ ತೆಗೆದುಕೊಂಡವರಿಗೆ ಮೂಗಿನಿಂದ ಶುರುವಾಗಿ ಕಣ್ಣಿಗೆ, ಮೆದುಳಿಗೆ ಹೋಗುತ್ತಿತ್ತು. ಈ ಶಿಲೀಂಧ್ರಕ್ಕೆ ಕಬ್ಬಿಣ ಅಂದರೆ ಪ್ರಾಣ. ಇದು ಎಷ್ಟು ಚಾಲಾಕಿ ಅಂದರೆ, ಡೆಫೆರೊಕ್ಸಮಿನ್ ಹಿಡಿದಿಟ್ಟ ಕಬ್ಬಿಣವನ್ನೇ ಕಿತ್ತುಕೊಂಡು ತಿನ್ನುತ್ತದೆ. ಆ ಮದ್ದು ತೆಗೆದುಕೊಳ್ಳುವವರಿಗೆ ಈ ಕಾಯಿಲೆ ಹೆಚ್ಚು ಬರುತ್ತದೆಂದು ಕೋವಿಡ್‌ಗೂ ಬಹಳ ಮೊದಲೇ ಗೊತ್ತಿತ್ತು. ಡೆಫೆರಸಿರಾಕ್ಸ್ ಹಿಡಿದ ಕಬ್ಬಿಣವನ್ನು ಮಾತ್ರ ಅದು ಕಿತ್ತುಕೊಳ್ಳಲಾರದು. ಹಾಗಾದರೆ ಅದೇ ಮದ್ದು ಅಂತ 2007ರಲ್ಲಿ ಇಲಿಗಳಿಗೆ ಕೊಟ್ಟರು. ಇಲಿಗಳು ಬದುಕಿದವು. ಎಲ್ಲರಿಗೂ ಖುಷಿ. ಮುಂದೆ 20 ರೋಗಿಗಳ ಮೇಲೆ ಚಿಕ್ಕದೊಂದು ಪ್ರಯೋಗ ನಡೆಯಿತು. ಮಾಮೂಲಿ ಶಿಲೀಂಧ್ರದ ಮದ್ದು ಎಲ್ಲರಿಗೂ ಕೊಟ್ಟು, 11 ಜನರಿಗೆ ಅದರ ಮೇಲೆ ಡೆಫೆರಸಿರಾಕ್ಸ್ ಸೇರಿಸಿದರು. 2012ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳಲ್ಲಿ ಆ 11 ಜನರಲ್ಲಿ 9 ಜನ ಸತ್ತಿದ್ದರು. ಸೇರಿಸದ 9 ಜನರಲ್ಲಿ ಸತ್ತವರು 2. ನ್ಯಾಯವಾಗಿ ಹೇಳಬೇಕು, ಮದ್ದು ಸಿಕ್ಕವರಲ್ಲಿ ಮೊದಲೇ ಹೆಚ್ಚು ನರಳುತ್ತಿದ್ದವರು ಜಾಸ್ತಿ ಇದ್ದರು. ಮದ್ದೇ ಕೊಂದಿತು ಅನ್ನಲಾಗುವುದಿಲ್ಲ. ಆದರೆ ಇಲಿಗಳು ಕೊಟ್ಟ ಭರವಸೆ ಅಲ್ಲಿಗೆ ಮುಗಿಯಿತು.

ಎರಡನೆಯದು ಪಾರ್ಕಿನ್ಸನ್. ಕೈ ನಡುಗುವ ಕಾಯಿಲೆ. ಆ ರೋಗಿಗಳ ಮೆದುಳಿನ ಒಂದು ಜಾಗದಲ್ಲಿ ಕಬ್ಬಿಣ ಸೇರುತ್ತದೆ. ಅದನ್ನು ತೆಗೆದರೆ ಕಾಯಿಲೆ ನಿಧಾನವಾದೀತು ಎಂದು 372 ರೋಗಿಗಳನ್ನು ಸೇರಿಸಿ, ಅರ್ಧ ಜನಕ್ಕೆ ಡೆಫೆರಿಪ್ರೋನ್, ಅರ್ಧ ಜನಕ್ಕೆ ಸುಳ್ಳು ಮಾತ್ರೆ, 36 ವಾರ ಕೊಟ್ಟರು. 2022ರಲ್ಲಿ ಬಂದ ಫಲಿತಾಂಶದಲ್ಲಿ ಡೆಫೆರಿಪ್ರೋನ್ ನುಂಗಿದವರ ಲಕ್ಷಣಗಳೇ ಹೆಚ್ಚು ಕೆಟ್ಟಿದ್ದವು. ಮೆದುಳಿನ ಕಬ್ಬಿಣವೇನೋ ಇಳಿದಿತ್ತು. ಆದರೆ ಪಾರ್ಕಿನ್ಸನ್‌ನಲ್ಲಿ ಕೊರತೆಯಾಗುವ ಡೋಪಮೀನನ್ನು ತಯಾರಿಸುವ ಕಿಣ್ವಕ್ಕೇ ಕಬ್ಬಿಣ ಬೇಕು! ಕಳೆ ಕೀಳಲು ಹೋಗಿ ಸಸಿಯನ್ನೂ ಕಿತ್ತ ಹಾಗಾಯಿತು.

ಉಬ್ಬಸಕ್ಕೆಂದು ಒಪ್ಪಿಗೆ ಪಡೆದ ಕಬ್ಬಿಣ ಹಿಡಿಯುವ ಮದ್ದು ಇವತ್ತಿಗೆ ಒಂದೂ ಇಲ್ಲ. ನಾಳೆ ಬರುವುದಾದರೆ ಅದು ಥಲಸ್ಸೀಮಿಯಾದ ಮಾತ್ರೆಯನ್ನೇ ಎತ್ತಿ ಕೊಡುವುದಾಗಿರಬಾರದು ಅನ್ನುವುದು ನನ್ನ ಅಭಿಪ್ರಾಯ. ಆ ಮಾತ್ರೆಗಳಿಗೆ ಅವುಗಳದೇ ತೊಂದರೆ ಇವೆ. ಡೆಫೆರಿಪ್ರೋನ್ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಡೆಫೆರಸಿರಾಕ್ಸ್ ಮೂತ್ರಪಿಂಡ, ಯಕೃತ್ತಿಗೆ ಹೊಡೆಯಬಹುದು, ಹೊಟ್ಟೆಯಲ್ಲಿ ರಕ್ತ ಸುರಿಸಬಹುದು. ಮಗುವಿನ ಹೃದಯ ಉಳಿಸಬೇಕಾದಾಗ ಆ ಅಪಾಯ ತೆಗೆದುಕೊಳ್ಳುವುದು ಸರಿ. ಪಂಪಿನಲ್ಲೇ ಹಿಡಿತಕ್ಕೆ ಬರುವ ಉಬ್ಬಸಕ್ಕೆ ಯಾಕೆ ಬೇಕು?

ನಮ್ಮ ನೆಲದ ಮಾತು ಬೇರೆಯೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಜನರಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ 65.5. ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಗುಲಾಬಿ, ದೊಡ್ಡ ಮಕ್ಕಳಿಗೆ ನೀಲಿ, ಬಸುರಿಯರಿಗೆ ಕೆಂಪು ಅಂತ ಸರ್ಕಾರ ಕಬ್ಬಿಣದ ಮಾತ್ರೆ ಹಂಚುತ್ತಿದೆ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ನುಂಗಿಸುತ್ತಿದ್ದಾರೆ. ಇಂಥ ಊರಿನಲ್ಲಿ ಉಬ್ಬಸಕ್ಕೆ ಕಬ್ಬಿಣ ತೆಗೆಯುವ ಮಾತ್ರೆ ಅಂದರೆ, ಒಂದೇ ಮನೆಯಲ್ಲಿ ಒಂದು ಕೈ ಹಾಕುವುದು, ಇನ್ನೊಂದು ಕೈ ತೆಗೆಯುವುದು.

ಹಾಗಂತ ಅಕ್ಬರಿಯವರ ಕೆಲಸ ಬೇಡದ್ದು ಅಂತ ನಾನು ಹೇಳುತ್ತಿಲ್ಲ. ನನಗೆ ಅದು ಬಹಳ ಹಿಡಿಸಿದೆ. ಕಬ್ಬಿಣಕ್ಕಿಂತ ಆ ಕೊಕ್ಕೆ ಮುಖ್ಯ ಅಂತ ಅದನ್ನು ಓದಬೇಕು. ಮದ್ದನ್ನು ನುಂಗುವ ಬದಲು ಪಂಪಿನಲ್ಲಿ ಎಳೆದುಕೊಂಡರೆ ಅದು ಶ್ವಾಸನಾಳಕ್ಕೇ ಹೋಗುತ್ತದೆ, ಪ್ರಮಾಣ ಚೂರು ಸಾಕು. ಸ್ಟೀರಾಯ್ಡಿನಲ್ಲಿ ನಾವು ಮಾಡಿದ್ದೂ ಅದೇ ಅಲ್ವಾ? ಮಾತ್ರೆಯಲ್ಲಿ ಮೂಳೆ ಸವೆಸುತ್ತಿದ್ದ ಮದ್ದನ್ನು ಪಂಪಿಗೆ ಹಾಕಿ ಮಕ್ಕಳಿಗೂ ಕೊಡುವಂತೆ ಮಾಡಿದೆವು. ಅದಕ್ಕಿಂತ ಜಾಣತನದ ದಾರಿ ಅಂದರೆ, ಬರೀ ಐಎಲ್‌ಸಿ2ರ ಕೊಕ್ಕೆಗೆ ಅಡ್ಡ ಹಾಕುವುದು. ಸುಲಭ ಅಲ್ಲ. ಅದೇ ಕೊಕ್ಕೆ ಮೂಳೆಯ ಮಜ್ಜೆಯಲ್ಲಿ ಹೊಸ ರಕ್ತ ಮಾಡುವ ಕೋಶಗಳ ಮೇಲೂ ಇದೆ. ಶ್ವಾಸಕೋಶದಲ್ಲಿ ಕ್ರಿಮಿಗಳನ್ನು ನುಂಗುವ ಕೋಶಗಳಿಗೂ ಕಬ್ಬಿಣ ಬೇಕು. ತಪ್ಪು ಏಡಿಯನ್ನು ಆರಿಸಿಕೊಂಡರೆ, ಆಗಲೇ ಕೇಳಿದಿರಲ್ಲ, ಶಿಲೀಂಧ್ರಕ್ಕೆ ನಾವೇ ಬಡಿಸಿದ ಹಾಗಾಗುತ್ತದೆ. ಉಬ್ಬಸದವರ ಶ್ವಾಸನಾಳದಲ್ಲಿ ಬೂಷ್ಟು ಮನೆ ಮಾಡುವುದು ಅಪರೂಪವೇನಲ್ಲ.

ನಾನು ಯಾರ ಮೇಲೆ ಮೊದಲು ನೋಡಬೇಕು ಅನ್ನುತ್ತೇನೆ ಅಂದರೆ, ಸ್ಟೀರಾಯ್ಡಿಗೆ ಬಗ್ಗದ, ಕಬ್ಬಿಣದ ದಾಸ್ತಾನು ಚೆನ್ನಾಗಿರುವ, ಐಎಲ್‌ಸಿ2 ಮೇಲೆ ಕೊಕ್ಕೆ ಜಾಸ್ತಿ ಇರುವ ರೋಗಿಗಳ ಮೇಲೆ. ಮೂರನ್ನೂ ಅಳೆದು ಆಮೇಲೆ ಮದ್ದು. 'ಉಬ್ಬಸ ಇದೆಯಾ, ತಗೋ' ಅನ್ನುವ ಪ್ರಯೋಗವಾದರೆ ಪಾರ್ಕಿನ್ಸನ್ ಕಥೆಯೇ ಮತ್ತೆ ಬರುತ್ತದೆ.

ಚಹಾಕ್ಕೆ ಎದ್ದಾಗ ಒಬ್ಬರು ಅಕ್ಕ ನನ್ನನ್ನು ತಡೆದು ಕೇಳಿದರು. 'ಸಾರ್, ನನಗೆ ಉಬ್ಬಸನೂ ಇದೆ, ರಕ್ತಾನೂ ಕಮ್ಮಿ. ಡಾಕ್ಟರು ಕಬ್ಬಿಣದ ಮಾತ್ರೆ ಬರೆದಿದ್ದಾರೆ. ನೀವು ಹೇಳಿದ್ದು ಕೇಳಿದ ಮೇಲೆ ನುಂಗಲೋ ಬಿಡಲೋ?' ಇದೇ ಪ್ರಶ್ನೆ ಇನ್ನೂ ಕೆಲವರ ತಲೆಯಲ್ಲಿರಬಹುದು, ಅದಕ್ಕೇ ಎಲ್ಲರಿಗೂ ಹೇಳುತ್ತೇನೆ. ಅಕ್ಕ, ನುಂಗಿ. ಆ ಅಮೆರಿಕದ ಹೆಂಗಸರ ಲೆಕ್ಕ ನಿಮ್ಮ ಪರವಾಗಿಯೇ ಇದೆ. ರಕ್ತ ಕಮ್ಮಿ ಇದ್ದರೆ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಅದನ್ನು ಉಬ್ಬಸ ಅಂದುಕೊಂಡು ಪಂಪು ಹೊಡೆಯುವವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಮಾತ್ರೆಯನ್ನು ನಿಂಬೆ ಶರಬತ್ತಿನ ಜೊತೆ ನುಂಗಿ, ಚೆನ್ನಾಗಿ ಹತ್ತುತ್ತದೆ. ಸ್ಟೀರಾಯ್ಡಿನ ಪಂಪು ಎರಡು ಹೊತ್ತು ಬರೆದಿದ್ದರೆ ಎರಡು ಹೊತ್ತೂ ಎಳೆಯಿರಿ, ಉಸಿರು ಚೆನ್ನಾಗಿದ್ದ ದಿನವೂ. ಮತ್ತೆ ಈಗ ಕೈಯಲ್ಲಿ ಹಿಡಿದಿದ್ದೀರಲ್ಲ ಆ ಟೀ, ಅದನ್ನು ಕುಡಿದು ಎರಡು ಗಂಟೆ ಆದ ಮೇಲೆ ಮಾತ್ರೆ.